ಮೂರನೇ ಪಾಳಿಯ ಮುನಿಸು

ಮಗಳ ಜಾಮಿಟ್ರಿ ಬಾಕ್ಸನ್ನು ಬಾಲ್ಕನಿಯಿಂದ ರಸ್ತೆಗೆ ಎಸೆದದ್ದು ಒಂದು ಗುರುವಾರ. ಥರ್ಡ್ ಶಿಫ್ಟ್ ಮುಗಿಸಿ ಬಂದು ಮಲಗಿ ಮುಕ್ಕಾಲು ಗಂಟೆ ಆಗಿತ್ತೇನೋ. ಅವಳು ಸ್ಕೂಲಿಗೆ ಹೊರಡುವ ಗಡಿಬಿಡಿಯಲ್ಲಿದ್ದಳು, ಡಬ್ಬಿ ಕೈಜಾರಿ ಬಿತ್ತು. ತಗಡಿನ ಡಬ್ಬಿ, ಟೈಲ್ಸ್ ನೆಲ. ಸದ್ದು ಹೇಗಿತ್ತು ಅಂತ ಹೇಳಬೇಕಿಲ್ಲ. ಎದ್ದು ಬಂದೆ, ಒಂದು ಮಾತೂ ಆಡದೆ ಎತ್ತಿಕೊಂಡೆ, ಬೀಸಿ ಒಗೆದೆ. ಕೆಳಗೆ ತರಕಾರಿ ಗಾಡಿಯವನು ತಲೆಯೆತ್ತಿ ನೋಡಿದ. ಮಗಳು ಅಳಲಿಲ್ಲ. ಮೆಟ್ಟಿಲಿಳಿದು ಹೋಗಿ ಕೈವಾರ, ಸ್ಕೇಲು, ಪೆನ್ಸಿಲ್ ಚೂರುಗಳನ್ನು ಒಂದೊಂದಾಗಿ ಆರಿಸಿಕೊಂಡಳು. ಕೋನಮಾಪಕ ಮಾತ್ರ 90 ಡಿಗ್ರಿ ಗೆರೆಯ ಹತ್ತಿರವೇ ಬಿರುಕು ಬಿಟ್ಟಿತ್ತು. ನಾನು ಒಳಗೆ ಹೋಗಿ ಮತ್ತೆ ಮಲಗಿದೆ. ನಿದ್ದೆ ಬರಲಿಲ್ಲ.

ಮಧ್ಯಾಹ್ನ ಮುದ್ದೆ ಬಡಿಸುತ್ತಾ ನನ್ನ ಹೆಂಡತಿ ಜಗಳ ತೆಗೆಯಲಿಲ್ಲ, ಬೈಯಲೂ ಇಲ್ಲ. “ರೀ, ನಿಮಗೆ ಯಾವ್ಯಾವ ವಾರ ತಲೆ ಕೆಡುತ್ತೆ ಅಂತ ಕ್ಯಾಲೆಂಡರ್ ನೋಡಿ ಹೇಳ್ತೀನಿ ಬೇಕಾದ್ರೆ” ಅಂದಳು ಅಷ್ಟೆ. ಗೋಡೆಗೆ ನೇತುಹಾಕಿದ್ದ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ನನ್ನ ಶಿಫ್ಟುಗಳನ್ನೂ ಅವಳು ಗುರುತು ಹಾಕಿಕೊಳ್ಳುತ್ತಿದ್ದಳು: ಒಂದು, ಎರಡು, ಮೂರು. ಮೂರು ಅಂತ ಬರೆದ ವಾರಗಳಲ್ಲಿ ಅಮ್ಮ ಮಗಳು ಮನೆಯೊಳಗೆ ಚಪ್ಪಲಿ ಹಾಕುವುದನ್ನೂ ಬಿಟ್ಟಿದ್ದರಂತೆ. ನನಗೆ ಗೊತ್ತೇ ಇರಲಿಲ್ಲ.

ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯಲ್ಲಿ ನಾನು ಕ್ವಾಲಿಟಿ ಇನ್ಸ್‌ಪೆಕ್ಟರ್. ಹನ್ನೊಂದು ವರ್ಷವಾಯಿತು. ಬೆಳಿಗ್ಗೆ 6ರಿಂದ 2, ಮಧ್ಯಾಹ್ನ 2ರಿಂದ 10, ರಾತ್ರಿ 10ರಿಂದ 6. ವಾರಕ್ಕೊಂದು ಪಾಳಿ, ಭಾನುವಾರ ರಜೆ. ಸುತ್ತು ಬರುವುದು ಹಿಂದುಮುಂದಾಗಿ: ಮೂರಾದ ಮೇಲೆ ಎರಡು, ಎರಡಾದ ಮೇಲೆ ಒಂದು, ಮತ್ತೆ ಮೂರು. ಯಾಕೆ ಹೀಗೆ ಅಂತ ಯಾರೂ ಕೇಳಿದವರಿಲ್ಲ, ನಾನೂ ಕೇಳಿರಲಿಲ್ಲ. ನೈಟ್ ಅಲೊಯೆನ್ಸ್ ಬರುತ್ತೆ, ಹಗಲು ಮನೆಯ ಕೆಲಸಕ್ಕೆ ಸಿಗುತ್ತೇವೆ, ಬ್ಯಾಂಕು, ಗ್ಯಾಸು, ಕರೆಂಟ್ ಬಿಲ್ಲು ಎಲ್ಲ ನಾವೇ ನೋಡಿಕೊಳ್ಳಬಹುದು. ಥರ್ಡ್ ಶಿಫ್ಟ್ ಒಳ್ಳೇದು ಅಂತ ನಾನೇ ಹೊಸ ಹುಡುಗರಿಗೆ ಉಪದೇಶ ಮಾಡಿದ್ದುಂಟು.

ಕೋಪ ನನ್ನ ಹುಟ್ಟುಗುಣ ಅಂತಲೇ ತಿಳಿದಿದ್ದೆ. ನಮ್ಮಪ್ಪನಿಗೂ ಇತ್ತು, ನನಗೂ ಬಂತು.

ಮೊದಲು ತೋರಿಸಿದ ಡಾಕ್ಟರು ಐದು ನಿಮಿಷದಲ್ಲಿ ನಿದ್ದೆ ಮಾತ್ರೆ ಬರೆದುಕೊಟ್ಟರು. ನಾಲ್ಕು ದಿನ ತೆಗೆದುಕೊಂಡೆ. ನಿದ್ದೆಯೇನೋ ಬಂತು, ಎದ್ದ ಮೇಲೆ ತಲೆಯೊಳಗೆ ಒದ್ದೆ ಗೋಣಿಚೀಲ ಇಟ್ಟ ಹಾಗಿತ್ತು. ಕ್ಯಾಲಿಪರ್ ಹಿಡಿದು ರೀಡಿಂಗ್ ತೆಗೆಯುವ ಕೆಲಸ ನನ್ನದು, ಮಿಲಿಮೀಟರಿನ ನೂರನೇ ಒಂದು ಭಾಗ ತಪ್ಪಿದರೂ ಮಾಲು ವಾಪಸ್ ಬರುತ್ತೆ. ಬಿಟ್ಟುಬಿಟ್ಟೆ. ಜೊತೆಯವರೊಬ್ಬರು, ಅವರ ತಮ್ಮನನ್ನು ತೋರಿಸಿದ್ದರಂತೆ, ಒಬ್ಬ ಮನೋವೈದ್ಯರ ಹತ್ತಿರ ಹೋಗು ಅಂದರು. ‘ಹುಚ್ಚು ಡಾಕ್ಟರ ಹತ್ರ ನಾನ್ಯಾಕೆ ಹೋಗ್ಲಿ’ ಅಂತ ಎರಡು ವಾರ ತಳ್ಳಿದೆ. ಮೂರನೇ ವಾರ ಕರೆದುಕೊಂಡು ಹೋದದ್ದು ಹೆಂಡತಿಯೇ.

ಆ ಡಾಕ್ಟರು ಹೆಂಗಸು, ಐವತ್ತರ ಆಸುಪಾಸು. ಮಾತ್ರೆಯ ಸುದ್ದಿಯೇ ತೆಗೆಯಲಿಲ್ಲ. ಗೊರಕೆ ಹೊಡೀತೀರಾ, ಎರಡು ವಾರ ಒಂದೇ ಸಮ ಮನಸ್ಸು ಕುಗ್ಗಿದ್ದುಂಟಾ, ಇಷ್ಟದ ಕೆಲಸಾನೂ ಬೇಡ ಅನ್ಸುತ್ತಾ, ಸಾಯಬೇಕು ಅಂತ ಯಾವಾಗಾದ್ರೂ ಬಂದಿತ್ತಾ ಅಂತ ಒಂದೊಂದಾಗಿ ಕೇಳಿದರು. ಕೊನೆಗೆ, “ಒಂದು ನೋಟ್‌ಬುಕ್ ಇಡಿ. ಮಲಗಿದ್ದು, ಎದ್ದದ್ದು, ಕಾಫಿ ಟೀ, ಊಟ. ದಿನಕ್ಕೆ ನಾಲ್ಕು ಸಲ ಮನಸ್ಸು ಹತ್ತಕ್ಕೆ ಎಷ್ಟು ಅಂತ ಅಂಕ. ಒಂದು ಪೂರ್ತಿ ಸುತ್ತು ಆಗಿ, ಇನ್ನೊಂದು ಸುತ್ತೂ ಆಗಲಿ. ಆರು ವಾರ ಬಿಟ್ಟು ಬನ್ನಿ” ಅಂದರು.

ಸೊಸೈಟಿಯವರು ಕೊಟ್ಟಿದ್ದ ಹಳೇ ಡೈರಿಯೊಂದು ಮನೆಯಲ್ಲಿ ಬಿದ್ದಿತ್ತು, ಅದರಲ್ಲಿ ಬರೆದೆ. ಮೊದಲ ವಾರ ನಾಚಿಕೆಯಾಗುತ್ತಿತ್ತು. ಕ್ಯಾಂಟೀನಿನಲ್ಲಿ ಡೈರಿ ತೆಗೆದರೆ “ಏನ್ ಸಾರ್, ಚೀಟಿ ಲೆಕ್ಕಾನಾ?” ಅನ್ನುವರು. ಹೂಂ ಅನ್ನುತ್ತಿದ್ದೆ.

ಆರು ವಾರದ ಲೆಕ್ಕದಲ್ಲಿ ನಾನು ಅಂದುಕೊಂಡಿದ್ದೆಲ್ಲ ತಲೆಕೆಳಗಾಯಿತು. ಥರ್ಡ್ ಶಿಫ್ಟಿನ ಮೊದಲ ರಾತ್ರಿ ಕಷ್ಟ, ಆಮೇಲೆ ಒಗ್ಗಿಹೋಗುತ್ತೆ ಅಂತ ನಾವೆಲ್ಲ ಹೇಳುತ್ತೇವೆ. ಡೈರಿಯಲ್ಲಿ ಸೋಮವಾರ 6, ಮಂಗಳವಾರ 6, ಬುಧವಾರ 4, ಗುರುವಾರ 2. ಎರಡೂ ಸುತ್ತಿನಲ್ಲಿ ಗುರುವಾರವೇ ನೆಲಕಚ್ಚಿತ್ತು. ಒಗ್ಗುತ್ತಿರಲಿಲ್ಲ, ನಿದ್ದೆಯ ಸಾಲ ಬೆಳೆಯುತ್ತಿತ್ತು. ರಾತ್ರಿಯೊಳಗೂ ಒಂದು ಹೊತ್ತಿತ್ತು: 4ರಿಂದ 5. ಆ ಒಂದು ಗಂಟೆಯಲ್ಲಿ ಬರೆದ ಅಂಕಗಳು ಎಲ್ಲ 2, 3. ಅದೇ ಹೊತ್ತಿನಲ್ಲೇ ‘ಈ ಜನ್ಮ ಇಷ್ಟೇ’ ಅಂತ ಅನ್ನಿಸುತ್ತಿದ್ದದ್ದು, ಹಳೇ ಸಾಲ, ಮುರಿದ ಸಂಬಂಧ, ಕಟ್ಟದೇ ಉಳಿದ ಸೈಟು ಎಲ್ಲ ಒಟ್ಟಿಗೆ ನೆನಪಾಗುತ್ತಿದ್ದದ್ದು. ಆರೂಕಾಲಿಗೆ ಗೇಟಿನಾಚೆ ಬಂದು ಟೀ ಅಂಗಡಿ ಮುಂದೆ ನಿಂತರೆ ಅದೇ ಸೈಟು, ಅದೇ ಸಾಲ, ಅಷ್ಟೇನೂ ಭಾರ ಇಲ್ಲ.

ಫಸ್ಟ್ ಶಿಫ್ಟ್ ವಾರ ನನಗೆ ಸುಖದ ವಾರ ಅಂದುಕೊಂಡಿದ್ದೆ. ಸುಳ್ಳು. ನಾಲ್ಕೂಕಾಲಿಗೆ ಏಳುತ್ತೇನೆ, ಆದರೆ ಅದರ ಹಿಂದಿನ ವಾರ ಸೆಕೆಂಡ್ ಶಿಫ್ಟ್, ರಾತ್ರಿ ಹನ್ನೆರಡೂವರೆಗೆ ಮಲಗಿ ರೂಢಿ. ಒಂಬತ್ತಕ್ಕೆ ಮಲಗಿದರೂ ಕಣ್ಣು ಕೂಡದು. ಬುಧವಾರದವರೆಗೆ ದಿನಕ್ಕೆ ನಾಲ್ಕೂವರೆ ಗಂಟೆ ನಿದ್ದೆ. ಆಮೇಲೆ ಭಾನುವಾರ ಹನ್ನೊಂದರವರೆಗೆ ಬಿದ್ದುಕೊಳ್ಳುವುದು.

ಇನ್ನೊಂದು ವಿಚಿತ್ರ. ಎರಡನೇ ಸುತ್ತಿನಲ್ಲಿ ಒಂದು ಶನಿವಾರ, ಹಗಲು ಸಂಬಂಧಿಕರ ಗೃಹಪ್ರವೇಶ ಅಂತ ಒಂದು ಗಳಿಗೆ ಮಲಗದೆ ರಾತ್ರಿ ಡ್ಯೂಟಿಗೆ ಹೋಗಿದ್ದೆ. ಬೆಳಿಗ್ಗೆ ಡೈರಿಯಲ್ಲಿ ನನ್ನದೇ ಕೈಬರಹದಲ್ಲಿ 9 ಅಂತಿದೆ! ಮನೆಗೆ ಬರದೆ ದೇವರಾಜ ಮಾರ್ಕೆಟ್ಟಿಗೆ ಹೋಗಿ ಹನ್ನೆರಡು ಮಾರು ಮಲ್ಲಿಗೆ, ಹೇಳಿದ ರೇಟಿಗೆ ಚೌಕಾಸಿ ಮಾಡದೆ ಒಂದು ಚಿಪ್ಪು ನಂಜನಗೂಡು ರಸಬಾಳೆ, ಹಿಡಿ ಹಿಡಿ ಚೆಂಡುಹೂವು ತಂದೆ. ಎಲ್ಲರ ಜೊತೆ ನಗುತ್ತಾ ಮಾತಾಡಿದೆ. ಬಾಗಿಲು ತೆಗೆದ ಹೆಂಡತಿ, “ಇಷ್ಟು ಹೂ ಯಾರ ಮದ್ವೆಗ್ರೀ?” ಅಂದಳು. ಮಧ್ಯಾಹ್ನ ಎದ್ದಾಗ ಆ ಹೂವಿನ ವಾಸನೆಗೇ ಅಳು ಬರುವಂತಿತ್ತು.

ಇದನ್ನು ಡಾಕ್ಟರಿಗೆ ತಮಾಷೆ ಅಂತ ಹೇಳಿದೆ. ಅವರು ನಗಲಿಲ್ಲ. ಮನೆಯಲ್ಲಿ ಯಾರಿಗಾದರೂ ಇಂಥ ಹುರುಪು ದಿನಗಟ್ಟಲೆ ಉಳಿದು, ನಿದ್ದೆಯೇ ಬೇಡ ಅನ್ನಿಸಿ, ಕೈಲಿದ್ದ ದುಡ್ಡೆಲ್ಲ ಖರ್ಚು ಮಾಡಿದ್ದುಂಟಾ ಅಂತ ಎರಡೆರಡು ಸಲ ಕೇಳಿದರು. ರಾತ್ರಿಯಿಡೀ ಎಚ್ಚರ ಇದ್ದರೆ ಬೆಳಿಗ್ಗೆ ಒಂದು ಥರದ ಅಮಲು ಏರುವುದು ಸಾಮಾನ್ಯವಂತೆ. ಆದರೆ ಬೈಪೋಲಾರ್ ಅನ್ನುವ ಕಾಯಿಲೆ ಇರುವವರಿಗೆ ತಪ್ಪಿದ ಒಂದೇ ರಾತ್ರಿಯ ನಿದ್ದೆ ಉನ್ಮಾದಕ್ಕೆ ಕಿಡಿ ಆಗಬಹುದು, ಅಂಥವರು ಡಾಕ್ಟರನ್ನು ಕೇಳದೆ ನೈಟ್ ಪಾಳಿಗೆ ಹೋಗಲೇಬಾರದು ಅಂದರು. ನನಗೆ ಅದಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೇ ಮುಂದಿನ ಮಾತು.

“ನಿಮ್ಮೂರಲ್ಲಿ ದೊಡ್ಡ ಗಡಿಯಾರ ಇದೆ, ಚಿಕ್ಕ ಗಡಿಯಾರಾನೂ ಇದೆ, ಅಲ್ವಾ?” ಅಂತ ಶುರುಮಾಡಿದರು. ಅವರು ಮೈಸೂರಿನವರಲ್ಲ, ಧಾರವಾಡ ಕಡೆಯವರು. “ದೇಹದೊಳಗೂ ಹಾಗೇ. ದೊಡ್ಡ ಗಡಿಯಾರ ತಲೆಯೊಳಗೆ, ಎರಡೂ ಕಣ್ಣಿನ ನರ ಒಂದನ್ನೊಂದು ದಾಟೋ ಜಾಗದ ಮೇಲೆ. ಅಕ್ಕಿ ಕಾಳಿನಷ್ಟು ಜಾಗ, ಸುಮಾರು 20,000 ನರಕೋಶ. ಚಿಕ್ಕ ಗಡಿಯಾರಗಳು ಹೊಟ್ಟೆ, ಲಿವರ್, ಸ್ನಾಯು ಎಲ್ಲ ಕಡೆ. ದೊಡ್ಡದಕ್ಕೆ ಕೀ ಕೊಡೋದು ಬೆಳಕು. ಹೊಟ್ಟೆಯದಕ್ಕೆ ಊಟ. ನೀವು ರಾತ್ರಿ ಮೂರಕ್ಕೆ ಟ್ಯೂಬ್‌ಲೈಟ್ ಕೆಳಗೆ ಚಿತ್ರಾನ್ನ ತಿಂದ್ರೆ ಒಂದು ಗಡಿಯಾರ ಒಂದು ಟೈಮ್ ಹೇಳುತ್ತೆ, ಇನ್ನೊಂದು ಇನ್ನೊಂದು ಹೇಳುತ್ತೆ. ಮಧ್ಯೆ ಸಿಕ್ಕಿಹಾಕಿಕೊಳ್ಳೋದು ಮನಸ್ಸು.”

ಬೆಳಗಿನ ಜಾವ ನಾಲ್ಕರಿಂದ ಐದರ ಹೊತ್ತಿಗೆ ಮೈಯ ಕಾವು ದಿನದಲ್ಲೇ ಅತಿ ಕಡಿಮೆ ಮಟ್ಟಕ್ಕೆ ಇಳಿದಿರುತ್ತದಂತೆ. ಮೈ ಗಾಢ ನಿದ್ದೆಯಲ್ಲಿರಬೇಕಾದ ಹೊತ್ತಿನಲ್ಲಿ ನಾನು ಕೂತು ಜೀವನದ ಲೆಕ್ಕ ಹಾಕುತ್ತಿದ್ದೆ. ಆ ಹೊತ್ತಿನ ಲೆಕ್ಕ ನಂಬಬೇಡಿ ಅಂದರು. ಈ ಒಂದು ಮಾತಿಗೇ ಅವರ ಫೀಸು ಸಾರ್ಥಕ ಅಂತ ನನ್ನ ಅಭಿಪ್ರಾಯ.

ಈ ಗಡಿಯಾರ ಸೂರ್ಯನನ್ನು ನೋಡಿ ನಡೆಯುವುದಲ್ಲ, ಒಳಗೇ ಇದೆ ಅಂತ ಮೊದಲು ಸುಳಿವು ಕೊಟ್ಟದ್ದು ಮುಟ್ಟಿದರೆ ಮುನಿ ಜಾತಿಯ ಗಿಡ ಅಂತೆ. ಫ್ರಾನ್ಸಿನ ದ ಮೆರಾನ್ ಅನ್ನುವ ಖಗೋಳ ವಿಜ್ಞಾನಿ 1729ರಲ್ಲಿ ಅದನ್ನು ಕತ್ತಲಲ್ಲಿಟ್ಟು ನೋಡಿದ. ಬೆಳಕೇ ಇಲ್ಲದಿದ್ದರೂ ಹಗಲಾದಾಗ ಎಲೆ ಬಿಚ್ಚಿತು, ಸಂಜೆಗೆ ಮಡಿಚಿತು. ಆ ಗಡಿಯಾರದ ಒಳಗಿನ ಜೀನುಗಳ ಕೆಲಸವನ್ನು ಹಣ್ಣಿನ ನೊಣದಲ್ಲಿ ಬಿಡಿಸಿ ನೋಡಿದ ಹಾಲ್, ರಾಸ್‌ಬಾಶ್, ಯಂಗ್ ಅನ್ನುವ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ಮನೆಗೆ ಬಂದು ಗಿಡದ ಕಥೆ ಹೇಳಿದ್ದೇ ತಪ್ಪಾಯಿತು. ಮಗಳು ಲಿಂಗಾಂಬುಧಿ ಕೆರೆ ಕಡೆಯಿಂದ ಒಂದು ಮುಟ್ಟಿದರೆ ಮುನಿ ಗಿಡವನ್ನು ಬೇರುಸಮೇತ ಕಿತ್ತು ತಂದು ಹಾರ್ಲಿಕ್ಸ್ ಡಬ್ಬಿಯಲ್ಲಿ ನೆಟ್ಟಳು. ನಾಲ್ಕು ದಿನ ಬಿಟ್ಟು, ಗಿಡ ಚೇತರಿಸಿಕೊಂಡ ಮೇಲೆ, ಅಮ್ಮನ ರೇಷ್ಮೆ ಸೀರೆಗಳನ್ನು ಒತ್ತರಿಸಿ ಬೀರುವಿನೊಳಗೆ ಇಟ್ಟು ಬಾಗಿಲು ಹಾಕಿದಳು.

ರಾತ್ರಿ ಎಂಟೂವರೆಗೆ ನಾವು ಮೂವರೂ ಬೀರು ಮುಂದೆ ನಿಂತೆವು. ಲೈಟು ಆರಿಸಿ, ಮೊಬೈಲ್ ಟಾರ್ಚಿಗೆ ಕರ್ಚೀಫು ಸುತ್ತಿ, ಬಾಗಿಲು ಇಷ್ಟೇ ಇಷ್ಟು ತೆಗೆದೆವು. ಎಲೆಗಳೆಲ್ಲ ಜೋಡಿ ಜೋಡಿಯಾಗಿ ಕೈಮುಗಿದುಕೊಂಡು ಕೂತಿದ್ದವು. ಬೆಳಿಗ್ಗೆ ನಾನು ಡ್ಯೂಟಿಯಿಂದ ಬಂದು ಮಲಗದೆ ಕಾದೆ. ಎಂಟಕ್ಕೆ ತೆಗೆದಾಗ, ರಾತ್ರಿಯಿಡೀ ಒಂದು ಎಳೆ ಬೆಳಕು ಕಾಣದ ಗಿಡ, ಎಲೆ ಬಿಚ್ಚಿಕೊಂಡು ನಿಂತಿತ್ತು. ಪೂರ್ತಿ ಅಲ್ಲ, ತುಸು ಸುಸ್ತಾದ ಹಾಗೆ. ಬೀರುವಿನೊಳಗೆ ನುಸಿಗುಳಿಗೆ ವಾಸನೆ. ಮಗಳು ಬೆರಳಿಟ್ಟಳು, ಮುದುಡಿತು. “ಅಪ್ಪಾ, ಇದನ್ನೂ ಥರ್ಡ್ ಶಿಫ್ಟಿಗೆ ಹಾಕಿದ್ರೆ ಮುಟ್ಟದೇ ಇದ್ರೂ ಮುನಿಸಿಕೊಳ್ಳುತ್ತೆ ಅಲ್ವಾ?” ಅಂದಳು. ಜಾಮಿಟ್ರಿ ಬಾಕ್ಸಿನ ಮಾತು ನಮ್ಮಿಬ್ಬರ ಮಧ್ಯೆ ಬಂದದ್ದು ಅವತ್ತೇ. ಅವಳೇ ತೆಗೆದಳು. ಹೊಸ ಕೋನಮಾಪಕ ತಂದುಕೊಡುತ್ತೇನೆ ಅಂದೆ. ಬೇಡವಂತೆ, ಬಿರುಕು ಬಿಟ್ಟಿದ್ದರಿಂದ 90 ಡಿಗ್ರಿ ಹುಡುಕೋದು ಸುಲಭವಂತೆ.

ಚಿಕಿತ್ಸೆ ಅಂದರೆ ಮಾತ್ರೆಯಲ್ಲ, ಬೆಳಕಿನ ಲೆಕ್ಕ. ಥರ್ಡ್ ಶಿಫ್ಟಿನ ಮೊದಲ ಅರ್ಧದಲ್ಲಿ ಜೋರು ಬೆಳಕಿನಲ್ಲಿರಬೇಕು, ಕೊನೆಯ ಅರ್ಧದಲ್ಲಿ ಆದಷ್ಟು ಮಂದ. ಟೀ ಏನಿದ್ದರೂ ಒಂದೂವರೆಯೊಳಗೆ, ಯಾಕೆಂದರೆ ಕುಡಿದ ಕೆಫೀನಿನಲ್ಲಿ ಅರ್ಧ ಐದು ಗಂಟೆಯ ಮೇಲೂ ರಕ್ತದಲ್ಲೇ ಇರುತ್ತದೆ. ಬೆಳಿಗ್ಗೆ ಬಿಸಿಲು ಕಣ್ಣಿಗೆ ಬೀಳಬಾರದು. ಇದು ಬರೆದಷ್ಟು ಸುಲಭವಿಲ್ಲ. ಹೆಬ್ಬಾಳದಿಂದ ಶ್ರೀರಾಂಪುರಕ್ಕೆ ರಿಂಗ್ ರೋಡಿನಲ್ಲಿ ಬರುವಾಗ ಚಳಿಗಾಲದಲ್ಲಿ ಸೂರ್ಯ ಸರಿಯಾಗಿ ಚಾಮುಂಡಿ ಬೆಟ್ಟದ ಕಡೆಯಿಂದ ಮುಖಕ್ಕೇ ಹೊಡೆಯುತ್ತಾನೆ. ಆ ಬೆಳಕಲ್ಲಿರುವ ನೀಲಿ ಅಂಶ ದೊಡ್ಡ ಗಡಿಯಾರಕ್ಕೆ ‘ಬೆಳಗಾಯ್ತು ಏಳು’ ಅಂತ ಕೂಗಿ ಹೇಳುತ್ತದೆ, ಮನೆಗೆ ಬಂದು ನಾನು ಮಲಗು ಮಲಗು ಅಂತ ಗೋಗರೆಯುತ್ತೇನೆ. ಕಪ್ಪು ಕನ್ನಡಕ ಹಾಕಿಕೊಂಡು ಹೊರಟ ಮೊದಲ ದಿನ ಗೇಟಿನ ಸೆಕ್ಯೂರಿಟಿಯವನು “ಏನ್ ಸಾರ್, ಹೀರೋ ಆಗ್ಬಿಟ್ರಿ” ಅಂದ.

ಕನ್ನಡಕದಲ್ಲಿ ಒಂದು ಅಪಾಯವೂ ಇದೆ, ಹೇಳಿಬಿಡುತ್ತೇನೆ. ತೂಕಡಿಕೆ ಹೆಚ್ಚಾಗುತ್ತದೆ. ಹಿಂದೊಮ್ಮೆ ಕನ್ನಡಕವಿಲ್ಲದೆಯೇ, ಹಿಂಕಲ್ ದಾಟಿದ್ದು ನೆನಪಿದ್ದು, ಬೋಗಾದಿ ದಾಟಿದ್ದು ನೆನಪಿಲ್ಲದೆ ಮನೆ ಸೇರಿದವನು ನಾನು. ಸತತ 17 ಗಂಟೆ ಎಚ್ಚರ ಇದ್ದವನ ಕೈಕಾಲು ರಕ್ತದಲ್ಲಿ 0.05 ಶೇಕಡಾ ಮದ್ಯ ಇರುವವನಷ್ಟೇ ಮಂದವಾಗುತ್ತವೆ ಅಂತ ಡಾಕ್ಟರು ಹೇಳಿದಾಗ ಬೆನ್ನಲ್ಲಿ ಬೆವರು ಬಂತು. ಈಗ ಪಂಚ್ ಮಾಡಿದ ಮೇಲೆ ರೆಸ್ಟ್ ರೂಮಿನಲ್ಲಿ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿಯೇ ಗಾಡಿ ತೆಗೆಯುತ್ತೇನೆ. ಬಿಸಿಲು ಏರುವ ದಿನಗಳಲ್ಲಿ ಸಿಟಿ ಬಸ್ಸು.

ರೂಮಿಗೆ ಲಾರಿಯ ಕಪ್ಪು ಟಾರ್ಪಾಲಿನ್ ಕಟ್ಟಿದೆ. ಕತ್ತಲೆಯೇನೋ ಆಯಿತು, ಏಪ್ರಿಲ್‌ನಲ್ಲಿ ಇಡ್ಲಿ ಪಾತ್ರೆಯೊಳಗೆ ಮಲಗಿದ ಹಾಗಾಯಿತು. ತೆಗೆದು ದಪ್ಪ ಕರ್ಟನ್ ಎರಡು ಪದರ ಹಾಕಿಸಿದೆವು. ಸದ್ದಿಗೆ ಮಾತ್ರ ಉಪಾಯವಿಲ್ಲ. ಕಸದ ಗಾಡಿಯ ಸೀಟಿ, ‘ಹಳೇ ಪೇಪರ್ ಹಳೇ ಕಬ್ಬಿಣ’ ಮೈಕು, ಎದುರುಮನೆಯ ಮಿಕ್ಸಿ. ಮಗಳು ಸ್ಕೆಚ್ ಪೆನ್ನಿನಲ್ಲಿ ‘ಅಪ್ಪ ಮಲಗಿದ್ದಾರೆ, ಬೆಲ್ ಒತ್ತಬೇಡಿ’ ಅಂತ ಬರೆದು ಬಾಗಿಲಿಗೆ ಅಂಟಿಸಿದಳು. ಕೊರಿಯರ್ ಹುಡುಗರು ಈಗ ಬೆಲ್ ಒತ್ತುವುದಿಲ್ಲ, ಬಾಗಿಲು ಬಡಿಯುತ್ತಾರೆ.

ನನಗೆ ನಿಜವಾಗಿ ಕಣ್ಣಿಗೆ ಕಾಣುವಂಥ ವ್ಯತ್ಯಾಸ ಕಂಡದ್ದು ಊಟದಲ್ಲಿ. ಬಾಸ್ಟನ್‌ನ ಬ್ರಿಗಮ್ ಅಂಡ್ ವಿಮೆನ್ಸ್ ಆಸ್ಪತ್ರೆಯಲ್ಲಿ 19 ಜನರನ್ನು ರಾತ್ರಿ ಪಾಳಿಯ ಥರ ಇರಿಸಿ ನೋಡಿದರಂತೆ, 2022ರಲ್ಲಿ ಅದು ಪ್ರಕಟವಾಯಿತು. ಹಗಲು ರಾತ್ರಿ ಎರಡೂ ಹೊತ್ತು ತಿಂದವರಲ್ಲಿ ಖಿನ್ನತೆಯಂಥ ಭಾವ ಶೇ. 26ರಷ್ಟು, ಆತಂಕ ಶೇ. 16ರಷ್ಟು ಏರಿತು. ಹಗಲಲ್ಲಿ ಮಾತ್ರ ತಿಂದವರಲ್ಲಿ ಏರಲಿಲ್ಲ. ಸಣ್ಣ ಪ್ರಯೋಗ, ಅದನ್ನೇ ವೇದವಾಕ್ಯ ಅಂದುಕೊಳ್ಳಬೇಡಿ ಅಂತ ಡಾಕ್ಟರೇ ಎಚ್ಚರಿಸಿದರು. ಆದರೂ ಮಾಡಿ ನೋಡಿದೆ. ರಾತ್ರಿ ಎಂಟಕ್ಕೆ ಮನೆಯಲ್ಲೇ ಊಟ, ಮೂರು ಗಂಟೆಯ ಕ್ಯಾಂಟೀನ್ ಚಿತ್ರಾನ್ನಕ್ಕೆ ನಮಸ್ಕಾರ, ಹಸಿವಾದರೆ ಮಜ್ಜಿಗೆ. ಮೊದಲ ಮೂರು ರಾತ್ರಿ ಒಗ್ಗರಣೆ ವಾಸನೆಗೆ ಜೀವ ಹೋಗುತ್ತಿತ್ತು. ಆ ವಾರದ ಗುರುವಾರ ಡೈರಿಯಲ್ಲಿ 4 ಬಿತ್ತು. ನಾಲ್ಕು ದೊಡ್ಡದಲ್ಲ ಅನ್ನಿಸಬಹುದು. ಎರಡು ಕಂಡವನಿಗೆ ದೊಡ್ಡದು.

ಇಷ್ಟೆಲ್ಲ ಮಾಡಿದರೂ ಒಂದು ಮಿತಿ ಇದೆ. ದೇಹದ ಗಡಿಯಾರ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆಯ ಆಸುಪಾಸು ಸರಿಯುತ್ತದೆ. ನಮ್ಮ ಪಾಳಿ ವಾರಕ್ಕೆ ಎಂಟು ಗಂಟೆ ಜಿಗಿಯುತ್ತದೆ. ಸರಿಯುವಷ್ಟರಲ್ಲಿ ವಾರ ಮುಗಿದಿರುತ್ತದೆ. ಅದೂ ಹಿಂದಕ್ಕೆ ಜಿಗಿದರೆ ಇನ್ನೂ ಕಷ್ಟ. ಮನುಷ್ಯನ ಗಡಿಯಾರದ ಒಂದು ಸುತ್ತು 24 ಗಂಟೆಗಿಂತ ಒಂದಿಷ್ಟು ಉದ್ದ, ಸರಾಸರಿ 24.2. ಹಾಗಾಗಿ ತಡವಾಗಿ ಮಲಗುವುದು ಅದಕ್ಕೆ ಇಳಿಜಾರು, ಬೇಗ ಮಲಗುವುದು ಏರು. ಒಂದು, ಎರಡು, ಮೂರು ಅಂತ ಹೋದರೆ ಇಳಿಜಾರು. ನಾವು ಹನ್ನೊಂದು ವರ್ಷದಿಂದ ಏರು ಹತ್ತುತ್ತಿದ್ದೆವು.

ಈ ಮಾತನ್ನು ಯೂನಿಯನ್ ಸಭೆಯಲ್ಲಿ ಎತ್ತಿದೆ. ಬೋನಸ್ಸಿನ ಮಾತಿನ ಮಧ್ಯೆ ‘ಇದೇನಪ್ಪ ಗಡಿಯಾರ’ ಅಂತ ನಕ್ಕರು. ಡೈರಿ ತೋರಿಸಿದೆ. ಗುರುವಾರದ ಅಂಕ ನೋಡಿ ಪ್ರೆಸ್ ಶಾಪಿನ ಹಿರಿಯರೊಬ್ಬರು, “ಲೇ, ನಮ್ಮ ಮನೇಲೂ ಗುರುವಾರಾನೇ ಕಣ್ರೋ ಪಾತ್ರೆ ಹಾರೋದು” ಅಂದರು. ಯಾರೂ ನಗಲಿಲ್ಲ ಆಮೇಲೆ. ನಾಲ್ಕು ತಿಂಗಳು ಓಡಾಡಿದ ಮೇಲೆ ನಮ್ಮ ಸೆಕ್ಷನ್ನಿಗೆ ಮಾತ್ರ, ಮೂರು ತಿಂಗಳ ಮಟ್ಟಿಗೆ, ಮುಂದುಮುಂದಕ್ಕೆ ಸುತ್ತುವ ಪಾಳಿ ಕೊಟ್ಟಿದ್ದಾರೆ. ಈಗ ಎರಡನೇ ತಿಂಗಳು. ಫಸ್ಟ್ ಶಿಫ್ಟಿನ ಸೋಮವಾರ ಇನ್ನೂ ಕಷ್ಟವೇ. ಉಳಿದದ್ದು ಪರವಾಗಿಲ್ಲ. ಕೋಪ ಬರುವುದಿಲ್ಲ ಅಂತೇನಿಲ್ಲ, ಬಂದಾಗ ಮೊದಲು ಡೈರಿ ನೋಡುತ್ತೇನೆ.

ಕಳೆದ ತಿಂಗಳು ಊರಿಗೆ ಹೋಗಿದ್ದೆ, ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕು. ಕಾಲುವೆ ನೀರಿಲ್ಲದ ಕಡೆ, ಬೋರ್‌ವೆಲ್ಲೇ ಗತಿ. ನಮ್ಮ ಬಾಲ್ಯದಲ್ಲಿ ತ್ರೀ ಫೇಸ್ ಕರೆಂಟು ಬರುತ್ತಿದ್ದದ್ದು ರಾತ್ರಿ, ಅದೂ ಈ ವಾರ ಹನ್ನೊಂದಕ್ಕಾದರೆ ಮುಂದಿನ ವಾರ ಎರಡಕ್ಕೆ. ಪಂಪ್‌ಸೆಟ್ ಮನೆಯ ಹಲಗೆಯ ಮೇಲೆ ಮೂರು ಬಲ್ಬು, ಮೂರೂ ಉರಿದರೆ ತ್ರೀ ಫೇಸ್. ಅಪ್ಪ ಕಂಬಳಿ ಹೊದ್ದು ಅವನ್ನೇ ನೋಡುತ್ತಾ ಕೂರುತ್ತಿದ್ದರು. ಬೆಳಿಗ್ಗೆ ಮನೆಗೆ ಬಂದಾಗ ಅವರ ಎದುರಿಗೆ ನಾವ್ಯಾರೂ ಸುಳಿಯುತ್ತಿರಲಿಲ್ಲ. ಒಂದು ಸಲ ನನ್ನ ಸ್ಲೇಟು ಬಾವಿಗೆ ಬಿದ್ದಿತ್ತು, ತಾನಾಗಿ ಬಿದ್ದದ್ದಲ್ಲ.

ಈಗ ಜಮೀನು ಪಾಲಿಗೆ ಕೊಟ್ಟಾಗಿದೆ. ರಾತ್ರಿ ಎಚ್ಚರವಾಯಿತು, ಮೊಬೈಲಿನಲ್ಲಿ 2:50. ಹೊರಗೆ ಬಂದೆ. ಅಪ್ಪ ಜಗಲಿ ಮೇಲೆ ಕೂತಿದ್ದರು. ಕಂಬಳಿ, ಎಲೆ ಅಡಿಕೆ ಚೀಲ.

“ಯಾಕಪ್ಪಾ, ನಿದ್ದೆ ಬರ್ಲಿಲ್ವಾ?”

“ಕರೆಂಟ್ ಬಂತೇನೋ ಅಂತ ಎಚ್ಚರಾಗೋಯ್ತದೆ ಕಣ್ಲಾ. ಮೋಟ್ರೇ ಇಲ್ಲ ಈಗ. ಆದ್ರೂ ಆಯ್ತದೆ.” ಸ್ವಲ್ಪ ಹೊತ್ತು ಬಿಟ್ಟು, “ನೀನ್ಯಾಕ್ಲಾ ಎದ್ದಿದ್ದೀಯೆ?”

“ಇದು ನಮ್ ಕ್ಯಾಂಟೀನ್ ಟೈಮು ಕಣಪ್ಪಾ.”

ಅವರು ಸರಿದು ಜಾಗ ಬಿಟ್ಟರು. ಎದುರಿನ ಹುಣಸೆ ಮರ ಎಲೆ ಮಡಿಚಿಕೊಂಡು ನಿಂತಿತ್ತು. ನಾವಿಬ್ಬರೂ ಬೆಳ್ಳಿ ಮೂಡುವ ತನಕ ಅಲ್ಲೇ ಕೂತಿದ್ದೆವು.